ಅವಳ ಕೈಯಳತೆಯ ಗಾಡಿ

"ಈ ಎಂಜಿನ್ ಕಿತ್ತು ಬಿಸಾಕಿ!"

ಗ್ಯಾರೇಜಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಧಡಾರನೆ ಬಾಗಿಲು ಹಾಕಿ ಅವಳು ಕೂಗಿದ ರಭಸಕ್ಕೆ ಪಕ್ಕದ ವೆಲ್ಡಿಂಗ್ ಅಂಗಡಿಯವನೂ ಕೆಲಸ ಬಿಟ್ಟು ಇಣುಕಿದ. ಬಾನೆಟ್ಟಿನ ಸಂದಿಯಿಂದ ಬುಸುಬುಸು ಆವಿ ಏಳುತ್ತಿತ್ತು.

ಲಾರಿಯೊಂದರ ಅಡಿಯಿಂದ ಎರಡು ಉದ್ದನೆಯ ಕಾಲುಗಳು ಮಾತ್ರ ಕಾಣುತ್ತಿದ್ದವು. ಅವು ಅಲುಗಲೇ ಇಲ್ಲ.

"ಕಿತ್ತು?" ಅಡಿಯಿಂದಲೇ ದನಿ ಬಂತು.

"ಕಿತ್ತು, ದೊಡ್ಡದು ಹಾಕಿ. ನಿಮ್ಮ ಕೈಗೆ ಸಿಗೋದ್ರಲ್ಲೇ ದೊಡ್ಡದು. ಈ ಗಾಡಿ ಬೆಟ್ಟ ಹತ್ತಬೇಕು. ಏದುಸಿರು ಬಿಡದೆ ಹತ್ತಬೇಕು!"

"ಹತ್ತಿದ ಮೇಲೆ?"

"ಹತ್ತಿದ ಮೇಲೆ ಏನು?"

"ಇಳೀಬೇಕಲ್ಲ ಮೇಡಂ. ಬ್ರೇಕ್ ಹೇಗಿದೆ?"

ಕಾಲುಗಳ ಹಿಂದೆಯೇ ಒಬ್ಬ ಮನುಷ್ಯ ಜಾರಿಕೊಂಡು ಹೊರಬಂದ. ಎದ್ದು ನಿಂತಾಗ ಅವಳು ಕತ್ತೆತ್ತಿ ನೋಡಬೇಕಾಯಿತು. ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಕಣ್ಣು ಮಾತ್ರ ಎಷ್ಟು ಶಾಂತ...

'ಛೇ! ಜಗಳಕ್ಕೆ ಬಂದವಳು ನಾನು. ಇವನ ಕಣ್ಣು ಕಟ್ಟಿಕೊಂಡು ನನಗೇನಾಗಬೇಕು?'

ಊರವರಿಗೆ ಅವನು ಮೇಸ್ತ್ರಿ. ವಯಸ್ಸು ಮೂವತ್ತರ ಆಸುಪಾಸಾದರೂ ಹಿರಿಯರೂ ಹಾಗೇ ಕರೆಯುತ್ತಿದ್ದರು. ಅವಳು ಸಾರಥಿ. ಬೆಟ್ಟದ ಬುಡದಲ್ಲಿದ್ದ ರಕ್ಷಣಾ ದಳದ ಗಾಡಿ ಓಡಿಸುವವಳು. ದಳದ ಮುಖ್ಯಸ್ಥ ಅವಳ ಚಿಕ್ಕಪ್ಪನೇ. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದ ಅವರೇ ಕೆಲಸದಲ್ಲಿ ಸಾರಥಿ ಎಂದು ಕರೆದು, ಆ ಹೆಸರು ದಳದವರ ಬಾಯಲ್ಲೆಲ್ಲ ನಿಂತುಬಿಟ್ಟಿತ್ತು.

ಇನ್ನು ಆ ಗಾಡಿ. ಚೌಕಾಕಾರದ ಹಳೆಯ ಎಸ್‌ಯುವಿ. ದಳದವರೆಲ್ಲ ಅದನ್ನು 'ಅಜ್ಜ' ಎನ್ನುತ್ತಿದ್ದರು. ಹೊಸದು ಕೊಳ್ಳಬಾರದೇ ಎಂದು ಕೇಳದವರಿಲ್ಲ. ಆದರೆ ಬೆಟ್ಟದ ರಸ್ತೆಯ ನಡುವೆ ಬಂಡೆ ಕೊರೆದು ಮಾಡಿದ ಸುರಂಗವೊಂದಿತ್ತು. ಈಗಿನ ದಪ್ಪ ಗಾಡಿಗಳು ಅದರ ಬಾಯಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಕನ್ನಡಿ ಮಡಚಿದರೆ ಅಜ್ಜ ಮಾತ್ರ ಮೈ ಸವರಿಕೊಂಡು ಪಾರಾಗುತ್ತಿದ್ದ.

ಹೋದ ಚಳಿಗಾಲದಲ್ಲಿ ಬೆಟ್ಟದ ತುದಿಯಲ್ಲಿ ರಸ್ತೆಯ ಗೇಟು ಕಾಯುವ ಗೇಟಿನಣ್ಣನ ಕಾಲ ಮೇಲೆ ಬಂಡೆ ಉರುಳಿತ್ತು. ಕರೆ ಬಂದ ಕೂಡಲೇ ಸಾರಥಿ ಹೊರಟಿದ್ದಳು. ಸುರಂಗ ದಾಟಿದ ಮೇಲಿನ ಕಡಿದಾದ ತಿರುವಿನಲ್ಲಿ ಎಂಜಿನ್ ಕುದಿದು ನಿಂತುಬಿಟ್ಟಿತು. ಅದು ತಣಿಯುವವರೆಗೆ ಅವಳು ರಸ್ತೆ ಬದಿಯಲ್ಲಿ ಹಲ್ಲು ಕಚ್ಚಿ ನಿಂತಿದ್ದಳು. ಗೇಟಿನಣ್ಣ ಬದುಕಿದ. ಕಾಲು ಉಳಿಯಲಿಲ್ಲ.

ಅಂದಿನಿಂದ ಅವಳು ಅವನ ಮುಖ ನೋಡಿರಲಿಲ್ಲ. ಮೇಲೆ ಹೋದರೂ ದೂರವೇ ನಿಂತು ಬರುತ್ತಿದ್ದಳು.

ಇಷ್ಟನ್ನೂ ಅವಳು ಮೇಸ್ತ್ರಿಗೆ ಹೇಳಿದಳು. ಹೇಳಬೇಕೆಂದು ಬಂದವಳಲ್ಲ... ಅವನು ಕೇಳಿಸಿಕೊಳ್ಳುವ ರೀತಿಗೆ ತಾನಾಗಿಯೇ ಬಾಯಿಗೆ ಬಂತು.

ಅವನು ಅಜ್ಜನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಬಿಟ್ಟು ಹೋಗಿ. ಆಗುತ್ತೋ ಇಲ್ವೋ ನೋಡ್ತೀನಿ."

*

ಮುಂದಿನ ಸಲ ಅವಳು ಬಂದಾಗ ಗ್ಯಾರೇಜಿನ ನೆಲದ ತುಂಬ ರಟ್ಟಿನ ತುಂಡುಗಳು. ಮೇಸ್ತ್ರಿ ಮಂಡಿಯೂರಿ ಕುಳಿತು ಅಂಟು ಹಚ್ಚುತ್ತಿದ್ದ.

"ಏನಿದು? ಮಕ್ಕಳ ಆಟವಾ?"

"ಎಂಜಿನ್."

ಅವಳಿಗೆ ನಗು ತಡೆಯಲಾಗಲಿಲ್ಲ. "ರಟ್ಟಿನದ್ದಾ? ನಾನು ದೊಡ್ಡ ಎಂಜಿನ್ ಕೇಳಿದ್ದು ನಿಜ ಮೇಸ್ತ್ರಿ. ಮಳೇಲಿ ನೆನೆದು ಮುದ್ದೆಯಾಗೋದನ್ನ ಕೇಳಿರ್ಲಿಲ್ಲ!"

ಅವನೂ ನಕ್ಕ. ಆಮೇಲೆ ಎರಡೂ ಕೈಯಲ್ಲಿ ಅದನ್ನೆತ್ತಿ, ಹಳೆಯ ಎಂಜಿನ್ ಇಳಿಸಿ ಖಾಲಿ ಬಿದ್ದಿದ್ದ ಜಾಗಕ್ಕೆ ಮೆಲ್ಲಗೆ ಇಳಿಬಿಟ್ಟ.

ಅವಳ ನಗು ಅಲ್ಲೇ ನಿಂತಿತು.

ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಉದ್ದ, ಅಗಲ, ಎತ್ತರ, ಪಕ್ಕದಲ್ಲಿ ಉಬ್ಬಿದ ಟರ್ಬೊ, ಹಿಂದೆ ಗೇರ್‌ಬಾಕ್ಸ್... ಎಲ್ಲವೂ ತದ್ರೂಪು. ಒಂದು ಕಡೆ ಬೆರಳು ತೂರುವಷ್ಟೇ ಜಾಗ, ಇನ್ನೊಂದು ಕಡೆ ಸ್ಟೇರಿಂಗ್ ಕಂಬಿಗೆ ಕೂದಲೆಳೆಯಷ್ಟು ಅಂತರ. ಕಬ್ಬಿಣ ಬರುವ ಮೊದಲೇ ಕಬ್ಬಿಣದ ಜಾಗವನ್ನು ಗಾಳಿಯಲ್ಲಿ ಕೆತ್ತಿಟ್ಟಿದ್ದ ಆ ಮನುಷ್ಯ!

"ದೊಡ್ಡ ಗಾಡಿಯೊಂದು ಹಿಂದಿನಿಂದ ಗುದ್ದಿಸ್ಕೊಂಡು ನುಜ್ಜುಗುಜ್ಜಾಗಿದೆ. ಎಂಜಿನ್ ಮಾತ್ರ ಹೂವಿನ ಹಾಗೆ ಉಳಿದಿದೆ," ಎಂದ ಅವನು. "ಮೇಲೆ ಹೋದಹಾಗೆ ಗಾಳಿ ತೆಳುವಾಗುತ್ತಲ್ಲ, ಹಳೇದಕ್ಕೆ ಉಸಿರು ಸಾಲ್ತಿರ್ಲಿಲ್ಲ. ಇದರ ಟರ್ಬೊ ಗಾಳಿನ ಒತ್ತಿ ಒತ್ತಿ ಒಳಗೆ ತುಂಬುತ್ತೆ."

"ಹಾಗಾದ್ರೆ ಹಾಕಿಬಿಡಿ!"

"ಹಾಕ್ದೆ ಅಂದ್ಕೊಳ್ಳಿ." ಅವನು ಗಾಡಿಯ ಅಡಿಗೆ ಟಾರ್ಚು ಬಿಟ್ಟು ತೋರಿಸಿದ. "ಇದರ ಬಲ ಗೇರ್‌ಬಾಕ್ಸಿಗೆ ಬರುತ್ತೆ. ಅಲ್ಲಿಂದ ಈ ಟ್ರಾನ್ಸ್‌ಫರ್ ಕೇಸ್, ಇದು ಬಲನ ಹಿಂದಕ್ಕೂ ಮುಂದಕ್ಕೂ ಹಂಚುತ್ತೆ. ಆಮೇಲೆ ಶಾಫ್ಟು, ಆಕ್ಸಲ್ಲು, ಕೊನೇಗೆ ಚಕ್ರ. ಹಳೇ ಆಕ್ಸಲ್ ಈ ಎಂಜಿನ್ನಿನ ಒಂದು ಏಟಿಗೆ ಲಟಕ್ ಅನ್ನುತ್ತೆ. ಎಲ್ಲಿ ಗೊತ್ತಾ? ನಿಮ್ಮ ಆ ಕಡಿದಾದ ತಿರುವಿನಲ್ಲೇ."

ಅವಳು ಬಗ್ಗಿ ಆ ಆಕ್ಸಲ್ಲನ್ನು ಮುಟ್ಟಿ ನೋಡಿದಳು.

"ಅದಕ್ಕೇ ಮೂಗಿನಿಂದ ಬಾಲದವರೆಗೂ ಬದಲಾಗ್ಬೇಕು. ರೇಡಿಯೇಟರ್, ಬ್ರೇಕು, ಎಲ್ಲಾ. ಅದಕ್ಕೆ ಮೊದಲು ನಾನು ಆ ರಸ್ತೆ ನೋಡ್ಬೇಕು. ಹಳೇ ಎಂಜಿನ್ ವಾಪಸ್ ಕೂರಿಸ್ತೀನಿ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ."

"ಬರೀ ನೋಡೋಕೆ ಅಷ್ಟೆಲ್ಲಾ ಕೆಲಸವಾ?"

"ನೋಡದೆ ಹೇಗೆ ಮಾಡ್ಲಿ?" ಅವನಿಗೆ ಅವಳ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಣ್ಣೆದುರು ಆ ರಟ್ಟಿನ ಎಂಜಿನ್ನೇ. ಇಷ್ಟು ಜೋಪಾನವಾಗಿ ಯಾರಾದರೂ ಕೆಲಸ ಮಾಡುವುದನ್ನು ಅವಳು ಎಂದೂ ಕಂಡಿರಲಿಲ್ಲ.

*

ಬೆಟ್ಟ ಹತ್ತುವಾಗ ಮೇಸ್ತ್ರಿಯ ಒಂದು ಕೈ ಡ್ಯಾಶ್‌ಬೋರ್ಡಿನ ಮೇಲೆ, ಇನ್ನೊಂದು ಗೇರಿನ ಬುಡದ ಉಬ್ಬಿನ ಮೇಲೆ.

"ಏನು, ನಾಡಿ ನೋಡ್ತಿದ್ದೀರಾ?"

"ಹೂಂ. ಜ್ವರ ಇದೆ."

ಅವಳು ಕಿಸಕ್ಕನೆ ನಕ್ಕಳು. ಸುರಂಗ ಬಂತು. ಕನ್ನಡಿ ಮಡಚಿ, ಬಂಡೆಯ ಗೋಡೆಗಳ ನಡುವೆ ಅಜ್ಜನನ್ನು ದಾರ ಪೋಣಿಸುವಂತೆ ತೂರಿಸಿದಳು. ಆಚೆ ಬಂದರೆ ಎಡಕ್ಕೆ ಪ್ರಪಾತ, ಬಲಕ್ಕೆ ಬಂಡೆ. ಕಡಿದಾದ ತಿರುವಿನಲ್ಲಿ ಕಡಿಮೆ ವೇಗದ ಗೇರಿಗೆಂದೇ ಇದ್ದ ಇನ್ನೊಂದು ಮೊಂಡು ಲಿವರನ್ನು ತಳ್ಳಲು ಅವಳು ಬೆನ್ನನ್ನೇ ಸೀಟಿನಿಂದ ಎತ್ತಬೇಕಿತ್ತು. ಎತ್ತರದ ಗಂಡಾಳಿಗೆಂದು ಮಾಡಿದ ಸೀಟು ಅದು. ಬೆನ್ನ ಹಿಂದೆ ತಲೆದಿಂಬು ಇಟ್ಟುಕೊಂಡೇ ಅವಳು ಇಷ್ಟು ವರ್ಷ ಓಡಿಸಿದ್ದಳು. ಲಿವರಿಗೆ ಬಾಗುವ ಆ ಒಂದು ಕ್ಷಣ ಕಣ್ಣು ರಸ್ತೆಯಿಂದ ತಪ್ಪುತ್ತಿತ್ತು. ಅವಳಿಗದು ಅಭ್ಯಾಸ. ಪಕ್ಕದಲ್ಲಿದ್ದವನು ಅದನ್ನು ಗಮನಿಸಿದ್ದು ಅವಳಿಗೆ ತಿಳಿಯಲಿಲ್ಲ.

ತುದಿಯಲ್ಲಿ ಗಾಡಿ ನಿಂತಾಗ ಮೋಡ ಸರಿಯಿತು.

ಶಿಖರ!

ಇಷ್ಟು ಹತ್ತಿರ, ಇಷ್ಟು ದೊಡ್ಡದು... ಮಂಜಿನ ಮೈಯ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗದ ಹೊಳಪು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮೇಸ್ತ್ರಿ ಕೆಳಗಿಳಿದವನು ಹಾಗೇ ನಿಂತ. ಬಾಯಿ ಅರೆ ತೆರೆದಿತ್ತು.

"ಹುಟ್ಟಿದಾಗಿನಿಂದ ಇದರ ಕಾಲ ಬುಡದಲ್ಲೇ ಇದ್ದೀನಿ," ಎಂದ ಅವನು. "ಮುಖ ನೋಡಿದ್ದು ಇವತ್ತೇ."

ದಿನಾ ನೋಡುವ ಶಿಖರ ಇಂದು ಅವಳಿಗೂ ಹೊಸದಾಗಿತ್ತು.

"ಮೇಡಂ, ಒಂದು ಮಾತು. ಈ ಎಂಜಿನ್ನಿನ ಬಲ ಎಷ್ಟು ಅಂತ ನನಗೆ ಗೊತ್ತು. ಅದಕ್ಕೆ ಆ ತಿರುವು ಹತ್ತೋ ಶಕ್ತಿ ಇಲ್ವೇ ಇಲ್ಲ. ಇಷ್ಟು ವರ್ಷ ಇದನ್ನ ಇಲ್ಲಿಗೆ ಹತ್ತಿಸಿದ್ದು ನೀವು..."

ಅವನು ಶಿಖರದಿಂದ ಕಣ್ಣು ತೆಗೆದು ಅವಳನ್ನು ನೋಡುತ್ತಿದ್ದ. ಆ ನೋಟದಲ್ಲಿ ಶಿಖರವನ್ನು ನೋಡಿದಾಗಿನ ಬೆರಗೇ ಇತ್ತು. ಯಾರಾದರೂ ತನ್ನನ್ನು ಹೀಗೆ ನೋಡಿದ್ದುಂಟೇ?

ದೂರದಲ್ಲಿ ಗೇಟಿನಣ್ಣ ಊರುಗೋಲು ಎತ್ತಿ ಕೈಬೀಸಿದ. ಅವಳು ಸರ್ರನೆ ಮುಖ ತಿರುಗಿಸಿ ಗಾಡಿ ಹತ್ತಿದಳು. ಮೇಸ್ತ್ರಿ ಅದನ್ನೂ ನೋಡಿದ.

*

ನಿಜವಾದ ಎಂಜಿನ್ ಬಂದ ಮೇಲೆ ಅವಳಿಗೆ ಗ್ಯಾರೇಜೇ ಮನೆಯಾಯಿತು. ಸರಪಳಿಯಲ್ಲಿ ತೂಗಿದ ಆ ಕಬ್ಬಿಣದ ರಾಶಿ ರಟ್ಟು ಕುಳಿತಿದ್ದ ಜಾಗಕ್ಕೇ ಇಂಚಿಂಚಾಗಿ ಇಳಿದು ಕುಳಿತಾಗ ಅವಳಿಗೆ ಕಣ್ಣಲ್ಲಿ ನೀರೇ ಬಂತು.

"ಪುಟ್ಟಿ ಈಗೀಗ ಊಟಕ್ಕಾದ್ರೂ ಮನೆಗೆ ಬರ್ತಾಳೋ ಇಲ್ಲ ಡೀಸೆಲ್ಲನ್ನೇ ಕುಡಿದು ಬದುಕ್ತಾಳೋ?" ಚಿಕ್ಕಮ್ಮ ಕಾಲೆಳೆದರು.

"ಗಾಡಿ ಕೆಲಸ ಚಿಕ್ಕಮ್ಮಾ..."

"ಗಾಡಿ ಕೆಲಸಕ್ಕೆ ಕಣ್ಣಿಗೆ ಕಾಡಿಗೆ ಯಾಕೋ?"

ಅವಳು ಮುಖ ಕೆಂಪಗೆ ಮಾಡಿಕೊಂಡು ಓಡಿದಳು. ಹಾಗೆ ಓಡಿ ಹೋದ ಸಂಜೆಯೇ ಆ ಮಾತು ಕಿವಿಗೆ ಬಿತ್ತು.

ಗ್ಯಾರೇಜಿನ ಒಳಗೆ ಚಿಕ್ಕಪ್ಪನ ಜೊತೆ ಮೇಸ್ತ್ರಿ ಮಾತಾಡುತ್ತಿದ್ದ. ಅವಳು ಬಾಗಿಲ ಹೊರಗಿದ್ದಳು.

"ಇಲ್ಲ ಸರ್. ನಾನು ಪಕ್ಕದಲ್ಲಿ ಕೂತು ನೋಡಿದ್ದೀನಿ. ಇದು ಅವರ ಕೈಗೆ ಆಗೋದಲ್ಲ. ಬದಲಾಯಿಸ್ಲೇಬೇಕು."

"ಹಾಗಾದ್ರೆ ಅವಳಿಗೆ ಏನು ಹೇಳ್ಲಿ?" ಚಿಕ್ಕಪ್ಪನ ದನಿ.

"ಈಗ್ಲೇ ಏನೂ ಹೇಳ್ಬೇಡಿ."

ಬಾಗಿಲು ತಳ್ಳಲೆಂದು ಎತ್ತಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು.

'ಇದು ಅವರ ಕೈಗೆ ಆಗೋದಲ್ಲ...' ಶಿಖರದ ಎದುರು ನಿಂತು ಹೊಗಳಿದ ಅದೇ ಬಾಯಿ! ದೊಡ್ಡ ಎಂಜಿನ್ ಬಂದ ಕೂಡಲೇ ಬೇರೆ ಡ್ರೈವರ್ ಬೇಕಾಯಿತೇ? ಕುಳ್ಳಿ, ಹೆಂಗಸು, ಹಿಂದೊಮ್ಮೆ ತಡ ಮಾಡಿದವಳು... ಎಲ್ಲರೂ ಒಳಗೊಳಗೇ ಅಂದುಕೊಳ್ಳುವುದನ್ನು ಅವನೂ ಅಂದುಕೊಂಡನೇ?

ಅವಳು ಸದ್ದಿಲ್ಲದೆ ಹಿಂದಿರುಗಿದಳು. ಅಜ್ಜ ಗ್ಯಾರೇಜಿನಲ್ಲಿರುವಷ್ಟು ದಿನ ತನಗೇನೂ ಕೆಲಸವಿಲ್ಲವೆಂದು ನೆಪ ಹೇಳಿ ಅಕ್ಕನ ಮನೆಗೆ ಹೋದಳು. ಅವನ ಫೋನ್ ಬಂದಾಗಲೆಲ್ಲ ತೆರೆಯ ಮೇಲೆ ಮಿನುಗುವ ಹೆಸರನ್ನು ನೋಡುತ್ತ ಕೂರುತ್ತಿದ್ದಳು, ಎತ್ತುತ್ತಿರಲಿಲ್ಲ. ಕೊನೆಗೊಂದು ಮೆಸೇಜು ಬಂತು.

'ಒಂದ್ಸಲ ಬಂದು ಸೀಟಿನಲ್ಲಿ ಕೂತು ನೋಡಿ. ನೀವು ನೋಡದೆ ನಾನು ಸ್ಟಾರ್ಟ್ ಮಾಡಲ್ಲ.'

'ಬೀಳ್ಕೊಡೋಕೆ ಕರೀತಿದ್ದಾನೆ!' ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು.

ಅಕ್ಕ ಪಕ್ಕದಲ್ಲಿ ಬಂದು ಕುಳಿತಳು. "ಯಾರ ಮೇಲೆ ಕೋಪ?"

"ಯಾರ ಮೇಲೂ ಇಲ್ಲ."

"ಯಾರ ಮೇಲೂ ಇಲ್ದೇ ಇರೋ ಕೋಪಕ್ಕೆ ಇಷ್ಟು ಕಣ್ಣೀರು ಬರಲ್ಲ ಕಣೇ. ಹೋಗಿ ಎದುರಿಗೇ ಕೇಳು. ಜಗಳ ಆಡೋದಿದ್ರೆ ಅವರ ಜೊತೆ ಆಡು, ನನ್ನ ದಿಂಬಿನ ಜೊತೆ ಅಲ್ಲ."

*

ಅವಳು ಹೋದಳು. ಮಧ್ಯಾಹ್ನದ ಬಿಸಿಲಲ್ಲಿ, ಮನಸ್ಸಿನಲ್ಲೇ ಜಗಳವನ್ನು ಪೂರ್ತಿ ಜೋಡಿಸಿಕೊಂಡು ಗ್ಯಾರೇಜಿನ ಅಂಗಳಕ್ಕೆ ಕಾಲಿಟ್ಟಳು. ಆದರೆ ಅಲ್ಲಿ ಆಗಲೇ ಚಿಕ್ಕಪ್ಪ ಫೋನ್ ಕಿವಿಗಿಟ್ಟುಕೊಂಡು ಓಡಾಡುತ್ತಿದ್ದರು. ದಳದ ಇಬ್ಬರು ಅಜ್ಜನ ಹಿಂಬದಿಗೆ ಸ್ಟ್ರೆಚರ್ ತುಂಬುತ್ತಿದ್ದರು.

"ಪುಟ್ಟಿ! ಬಂದ್ಯಾ! ಗೇಟಿನಣ್ಣ ಫೋನ್ ಮಾಡಿದ್ದ. ರಸ್ತೆ ಕೆಲಸದವನ ಮೇಲೆ ಕಲ್ಲು ಬಿದ್ದಿದೆ. ರಕ್ತ ನಿಲ್ತಾ ಇಲ್ವಂತೆ!"

"ಯಾರು ಓಡಿಸ್ತಾರೆ?" ಅವಳು ಕೇಳಿದಳು.

ಮೇಸ್ತ್ರಿ ಅವಳೆದುರು ಬಂದು ನಿಂತ. ನಿದ್ದೆಗೆಟ್ಟ ಕಣ್ಣು. ಅವಳ ಕೈ ಹಿಡಿದು ಅಂಗೈಯಲ್ಲಿ ಕೀಲಿಯಿಟ್ಟ.

"ಇದೇನು ಕೇಳ್ತಿದ್ದೀರಿ? ಬೇರೆ ಯಾರಿಂದ ಆಗುತ್ತೆ?"

ಯೋಚಿಸಲು ಹೊತ್ತಿರಲಿಲ್ಲ. ಅವಳು ಹತ್ತಿ ಕುಳಿತಳು. ದಳದ ಇಬ್ಬರು ಹಿಂದೆ ಹತ್ತಿದರು, ಅವನು ಪಕ್ಕದಲ್ಲಿ ಕುಳಿತ. "ಎಂಜಿನ್ ಈ ಗಾಡಿಗೆ ಹೊಸದು, ಇನ್ನೂ ಪಳಗಿಲ್ಲ. ನಾನು ಬಿಸಿ ತೋರಿಸೋ ಮುಳ್ಳು ನೋಡ್ಕೋತೀನಿ. ನೀವು ರಸ್ತೆ ನೋಡಿ."

ಕೀಲಿ ತಿರುಗಿಸಿದಳು.

ಅಜ್ಜ ಗುಡುಗಿದ. ಗಂಭೀರವಾದ, ತುಂಬಿದ ದನಿ. ಅಂಗಳದ ನೆಲವೇ ಸಣ್ಣಗೆ ನಡುಗಿ ಅವಳ ಅಂಗಾಲಿನಿಂದ ಎದೆಯವರೆಗೆ ಏರಿತು. ಇಷ್ಟು ಬಲ ತನ್ನ ಒಂದು ಪಾದದ ಕೆಳಗೆ!

ಆಗ ಅವಳಿಗೆ ಅರಿವಾಯಿತು. ಬೆನ್ನ ಹಿಂದೆ ತಲೆದಿಂಬು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಸೀಟು ಅವಳ ಬೆನ್ನಿಗೆ ತಾನಾಗಿ ಒದಗಿತ್ತು, ಪೆಡಲುಗಳು ಪಾದಕ್ಕೆ ಸಿಕ್ಕವು. ಗೇರಿಗೆಂದು ಕೈ ಚಾಚಿದರೆ ಲಿವರ್ ಅಂಗೈಗೇ ಬಂದು ಕುಳಿತಂತಿತ್ತು. ಆ ಮೊಂಡು ಲಿವರ್ ಕೂಡ ಪಕ್ಕದಲ್ಲೇ, ಮೊಣಕೈ ಮಡಚಿದಷ್ಟೇ ದೂರದಲ್ಲಿ.

ಕನ್ನಡಿ ಮಡಚಿ ಅವಳು ಸುರಂಗ ದಾಟಿದಳು.

"ಇದು ಅವರ ಕೈಗೆ ಆಗೋದಲ್ಲ ಅಂದ್ರಲ್ಲ ಅವತ್ತು..." ಕಣ್ಣು ರಸ್ತೆಯ ಮೇಲೇ ಇತ್ತು. "ನಾನು ಕೇಳಿಸ್ಕೊಂಡೆ."

ಅವನು ಗಾಬರಿಯಿಂದ ಅವಳತ್ತ ತಿರುಗಿದ. "ಅಯ್ಯೋ! ಲಿವರಿನ ಜಾಗ ಮೇಡಂ! ಎಂಜಿನ್ ಉದ್ದ ಆಯ್ತಲ್ಲ, ಗೇರ್‌ಬಾಕ್ಸ್ ಹಿಂದಕ್ಕೆ ಹೋಯ್ತು. ಲಿವರ್ ನಿಮ್ಮ ಬೆನ್ನ ಹಿಂದೆ ಬರ್ತಿತ್ತು. ಅದಕ್ಕೇ ಪೂರ್ತಿ ಬದಲಾಯಿಸ್ಬೇಕು ಅಂದಿದ್ದು. ನಿಮಗೆ ಹೇಳಿದ್ರೆ 'ತಡ ಆಗುತ್ತೆ, ಬೇಡ, ದಿಂಬು ಇಟ್ಕೊಂಡು ಓಡಿಸ್ತೀನಿ' ಅಂತ ಹಠ ಮಾಡ್ತಿದ್ರಿ. ಮಾಡ್ತಿರ್ಲಿಲ್ವಾ?"

ಮಾಡುತ್ತಿದ್ದಳು. ಖಂಡಿತ ಮಾಡುತ್ತಿದ್ದಳು!

"ಇದಕ್ಕೇನಾ ಫೋನ್ ಎತ್ಲಿಲ್ಲ? ನಾನು... ನನ್ನಿಂದ ಏನು ತಪ್ಪಾಯ್ತು ಅಂತ..." ಅವನ ಕಣ್ಣು ಮುಳ್ಳಿನ ಮೇಲೆ ಬಿತ್ತು. "ಮುಳ್ಳು ಏರ್ತಿದೆ," ಎಂದ.

ಅದೇ ಕಡಿದಾದ ತಿರುವು. ಶಾಖದ ಮುಳ್ಳು ನಿಧಾನವಾಗಿ ಮೇಲಕ್ಕೆ ಹೊರಟಿತ್ತು. ಹೋದ ಚಳಿಗಾಲದ ಆವಿ, ರಸ್ತೆ ಬದಿಯ ಆ ಕಾಯುವಿಕೆ...

"ನಿಲ್ಲಿಸ್ಲಾ?"

"ಬೇಡ. ಅದಕ್ಕಿನ್ನೂ ಜಾಗ ಇದೆ. ನಂಬಿ."

ಅವಳು ನಂಬಿದಳು. ಬೆನ್ನು ಅಲುಗಿಸದೆ, ಕಣ್ಣು ಕದಲಿಸದೆ ಲಿವರ್ ತಳ್ಳಿ ಪಾದ ಒತ್ತಿದಳು. ಅಜ್ಜ ಒಮ್ಮೆಯೂ ತಡವರಿಸದೆ ತಿರುವನ್ನು ನುಂಗಿಕೊಂಡು ಮೇಲೇರಿದ. ಮುಳ್ಳು ನಿಂತಿತು, ಮತ್ತೆ ಇಳಿಯಿತು. ಹಿಂದೆ ಕುಳಿತಿದ್ದ ದಳದವನೊಬ್ಬ, "ಅಬ್ಬಾ ಅಜ್ಜಾ!" ಎಂದು ಉಸಿರು ಬಿಟ್ಟ.

ತುದಿಯಲ್ಲಿ ಗೇಟಿನಣ್ಣ ಊರುಗೋಲಿನ ಮೇಲೆ ನಿಂತು ಗೇಟು ಎತ್ತಿ ಹಿಡಿದಿದ್ದ. "ಬಂದ್ಯಾ ತಾಯೀ! ನೀನು ಬರ್ತೀಯ ಅಂತ ಅವನಿಗೆ ಹೇಳ್ತಾನೇ ಇದ್ದೆ. ಅವತ್ತು ನಾನೂ ಹಾಗೇ ಅಂದ್ಕೊಂಡು ಉಸಿರು ಹಿಡ್ಕೊಂಡಿದ್ದೆ!"

ಅವಳು ಅವನ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಎಂದೂ ಇದ್ದಿರಲೇ ಇಲ್ಲವೇನೋ! "ಅಣ್ಣಾ..." ಎಂದಳಷ್ಟೇ. ಅವನು ಅವಳ ತಲೆ ಸವರಿ, "ಆಮೇಲೆ ಅಳು. ಈಗ ಹೊರಡು," ಎಂದು ಗದರಿದ.

ಗಾಯಾಳುವನ್ನು ಮಲಗಿಸಿಕೊಂಡು ಇಳಿಯುವಾಗ ಹೊಸ ಬ್ರೇಕುಗಳು ಅವಳ ಪಾದದ ಮಾತನ್ನು ಪಿಸುಮಾತಿನಲ್ಲೇ ಕೇಳಿದವು. ನೀರು ತುಂಬಿದ ಕೊಡ ಹೊತ್ತವಳಂತೆ ಅವಳು ಇಡೀ ಬೆಟ್ಟವನ್ನು ಇಳಿದಳು.

*

"ಸರಿಯಾದ ಹೊತ್ತಿಗೆ ತಂದ್ರಿ. ಉಳೀತಾರೆ," ಎಂದು ಹೇಳಿ ಡಾಕ್ಟರು ಒಳಗೆ ಹೋದರು. ದಳದ ಇಬ್ಬರೂ ಗಾಯಾಳುವಿನ ಜೊತೆ ಅಲ್ಲೇ ಉಳಿದರು.

ಆಸ್ಪತ್ರೆಯ ಅಂಗಳದಲ್ಲಿ ಸಂಜೆಬಿಸಿಲು. ಅವಳು ಅಜ್ಜನ ಮೈಗೆ ಒರಗಿ ನಿಂತಳು, ಹಿಡಿದಿಟ್ಟಿದ್ದೆಲ್ಲ ಒಟ್ಟಿಗೆ ಹೊರಬಂದಂತೆ.

"ಮೇಸ್ತ್ರಿ, ವಾಪಸ್ ನೀವು ಓಡಿಸ್ತೀರಾ? ನನ್ನ ಕೈಲಿ ಆಗ್ತಿಲ್ಲ..."

ಅವನು ಸಂಕೋಚದಿಂದ ಒಮ್ಮೆ ಗಾಡಿಯನ್ನು, ಒಮ್ಮೆ ತನ್ನ ಕಾಲುಗಳನ್ನು ನೋಡಿಕೊಂಡ. ಆಮೇಲೆ ಡ್ರೈವರ್ ಸೀಟಿಗೆ ಹತ್ತಿದ. ಹತ್ತಿದ ಅನ್ನುವುದಕ್ಕಿಂತ ಮಡಚಿಕೊಂಡ. ಮಂಡಿ ಎರಡೂ ಸ್ಟೇರಿಂಗಿಗೆ ತಾಗಿ, ಗಲ್ಲ ಮಂಡಿಗೆ ತಾಗಿ, ಮೊಣಕೈ ಕಿಟಕಿಯ ಹೊರಗೆ ಬಂದಿತ್ತು.

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ನಗು ಉಕ್ಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದೋ ಬೇರೆಯದೋ ಅವಳಿಗೇ ತಿಳಿಯಲಿಲ್ಲ.

"ಸೀಟು ಹಿಂದಕ್ಕೆ ಸರಿಸ್ಬಾರ್ದೇ?"

"ಸರಿಯೋದಿಲ್ಲ. ಜಾರೋ ಹಳಿ ಇನ್ನೂ ಹಾಕಿಲ್ಲ. ಮೊದಲು ನಿಮ್ಮ ಅಳತೆಗೆ ಸರಿ ಹೋಗ್ಲಿ ಅಂತ ಬೋಲ್ಟ್ ಹಾಕಿ ಕೂರಿಸಿಬಿಟ್ಟೆ."

"ನನ್ನ ಅಳತೆ ನಿಮಗೆ ಹೇಗೆ ಗೊತ್ತಾಯ್ತು?"

ಅವನು ಮಂಡಿಗಳ ನಡುವಿನಿಂದ ಅವಳನ್ನು ನೋಡಿದ. "ಬೆಟ್ಟದಿಂದ ಬಂದ ಮೇಲೆ ಕಣ್ಣು ಮುಚ್ಚಿದ್ರೆ ನೀವೇ ಕಾಣ್ತಿದ್ರಿ. ಭುಜ ಎಲ್ಲಿ ಬರುತ್ತೆ, ಕೈ ಎಲ್ಲಿಗೆ ಚಾಚ್ತೀರಿ, ಎಲ್ಲಾ. ಬೇರೆ ಅಳತೆ ಬೇಕಾಗ್ಲಿಲ್ಲ."

ಅವಳ ನಗು ಮೆಲ್ಲಗೆ ಇಳಿಯಿತು. ಅವಳು ಬಾಗಿಲ ಹಿಡಿಕೆಗೆ ಕೈ ಹಾಕಿದಳು.

"ಇಳೀರಿ. ನಾನೇ ಓಡಿಸ್ತೀನಿ."

ಅವನು ಕಷ್ಟಪಟ್ಟು ಬಿಡಿಸಿಕೊಂಡು ಇಳಿದು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತ. ಉದ್ದನೆಯ ಕಾಲುಗಳು ಅಲ್ಲಿ ಹಾಯಾಗಿ ಚಾಚಿಕೊಂಡವು. ತಲೆಗೂ ಸೂರಿಗೂ ನಡುವೆ ಬೇಕಾದಷ್ಟೇ ಜಾಗ. ಅವಳು ಅದನ್ನು ಗಮನಿಸಿದಳು. ಹುಬ್ಬೇರಿಸಿದಳು.

"ಈ ಸೀಟು?"

ಅವನ ಕಿವಿ ಕೆಂಪಾಯಿತು. "ಅದನ್ನ... ನನ್ನ ಅಳತೆಗೆ ಕೂರಿಸ್ಕೊಂಡೆ."

"ಯಾರನ್ನ ಕೇಳಿ?"

"ಈಗ ಕೇಳ್ತಿದ್ದೀನಿ."

ಅವಳು ಕೀಲಿ ತಿರುಗಿಸಿದಳು. ಅಜ್ಜನ ತುಂಬು ದನಿ ಅಂಗಳದಲ್ಲಿ ಎದ್ದಿತು. ಬಲಗೈ ಸ್ಟೇರಿಂಗಿನ ಮೇಲೆ ಬಿಟ್ಟು, ಇನ್ನೊಂದು ಕೈಯಿಂದ ಅವನ ಗ್ರೀಸು ಹತ್ತಿದ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು.

"ಬೆಲ್ಟ್ ಹಾಕ್ಕೋ," ಎಂದಳು ಮೆಲ್ಲಗೆ. ಇಷ್ಟು ದಿನದ 'ನೀವು' ಎಲ್ಲೋ ಬಿದ್ದುಹೋಗಿತ್ತು.

ಅವನು ಅವಳನ್ನೇ ನೋಡುತ್ತ ಬೆಲ್ಟ್ ಎಳೆದುಕೊಂಡ.

"ಹಾಕ್ಕೊಂಡೆ. ನೀನು ಹೊರಡು."